ಸಾಮಾನಿನ ಛತ್ರಕ್ಕೆ ಬೆಂಕಿ ಬಂದದ್ದು

ನಮ್ಮ ಊರಿನಲ್ಲಿ ಬೆಂಕಿ ಬಾಗಿಲು ತಟ್ಟಿಯೇ ಒಳಗೆ ಬರುತ್ತದೆ. ಒಲೆಯ ಬೆಂಕಿ, ದೀಪದ ಬೆಂಕಿಯ ಮಾತಲ್ಲ. ಅವು ನಾವು ಸಾಕಿಕೊಂಡವು. ನಾನು ಹೇಳುತ್ತಿರುವುದು ಬೇಸಗೆಯಲ್ಲಿ ಕಲ್ಲುಗಣಿಯ ಕಡೆಯಿಂದ ಬೀದಿ ಹಿಡಿದು ಬರುವ ದೊಡ್ಡ ಬೆಂಕಿಯನ್ನು. ಅದು ಒಂದೊಂದು ಮನೆಯ ಮುಂದೆಯೂ ನಿಂತು ಕದ ತಟ್ಟುತ್ತದೆ. ಒಳಗಿನಿಂದ ‘ಮುಂದಕ್ಕೆ ಹೋಗಪ್ಪ, ಮನೇಲಿ ಜನ ಇದೀವಿ’ ಎಂದರೆ ಸುಮ್ಮನೆ ಮುಂದಿನ ಮನೆಗೆ ಹೋಗುತ್ತದೆ. ಹೀಗೆ ಕಡೆಯ ಮನೆಯವರೂ ಹೇಳಿ ಕಳಿಸಿದ ಮೇಲೆ ಬತ್ತಿದ ಕೆರೆಯ ಅಂಗಳದಲ್ಲಿ ಹೊರಳಾಡಿ ಆರಿಹೋಗುತ್ತದೆ. ಯಾರೂ ಓಗೊಡದಿದ್ದರೆ ಮಾತ್ರ ಒಳಗೆ ಬರುತ್ತದೆ. ಬಂದರೆ ಆ ಮನೆಯೂ ಉಳಿಯುವುದಿಲ್ಲ, ಅದಕ್ಕೆ ಗೋಡೆ ತಾಗಿಸಿಕೊಂಡ ಸಾಲೂ ಉಳಿಯುವುದಿಲ್ಲ.

ಅಂದಮೇಲೆ ಪ್ರತಿ ಮನೆಯಲ್ಲೂ ಓಗೊಡುವವಳು ಒಬ್ಬಳು ಇರಲೇಬೇಕಲ್ಲ. ಒಂದು ಮನೆಗೆ ಒಂದೇ ದನಿ. ಬೆಂಕಿಗೆ ಆ ದನಿ ರೂಢಿಯಾದ ಮೇಲೆ ಬೇರೆಯವರು ಗಂಟಲು ಹರಿದುಕೊಂಡರೂ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಓಗೊಡುವವಳು ಹಿತ್ತಲಿನವರೆಗೆ ಹೋಗಬಹುದು, ಜಗಲಿಯ ಮೇಲೆ ಕೂರಬಹುದು, ಜಗಲಿಯಿಂದ ಕೆಳಕ್ಕೆ ಕಾಲಿಡುವಂತಿಲ್ಲ. ಈ ಕೆಲಸವನ್ನು ಗಂಡಸರು ಮಾಡಬಾರದೆಂದು ಯಾರೂ ಹೇಳಿಲ್ಲ. ಆದರೂ ಮಾಡಿದ ಗಂಡಸನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಹಾಡು ಹೇಳಿಸುವುದಿಲ್ಲ, ಹಿತ್ತಲಲ್ಲಿ ನಿಲ್ಲಿಸಿ ಕೂಗಿಸುತ್ತಾರೆ. ನಾನು ಕೂಗಿದ ದಿನ ಪಕ್ಕದ ಬೀದಿಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತಂತೆ. ನಮ್ಮ ಮಾವನವರು ಅಲ್ಲಿಯೇ ತಾಂಬೂಲ ಬದಲಾಯಿಸಿಕೊಂಡರು. ‘ದೇವೀರಮ್ಮನ ದನಿ ಇರೋ ಮನೆಗೆ ಹಂಚಿಲ್ಲದಿದ್ರೂ ನಡೆಯುತ್ತೆ’ ಎಂದು ಸಾಯುವವರೆಗೂ ಹೇಳಿಕೊಂಡು ತಿರುಗಿದರು. ಆ ಮಾತು ಕೇಳಿದಾಗಲೆಲ್ಲ ನಾನು ಉಬ್ಬಿಹೋಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಸಾಕಮ್ಮನೂ ನಾನೂ ಒಂದೇ ಬೀದಿಯಲ್ಲಿ ಬೆಳೆದವರು, ನನಗೆ ಅವಳು ಸಾಕಿ. ಅವಳ ಮನೆಯಲ್ಲಿ ನಾನು ಉಂಡದ್ದೆಷ್ಟೋ, ನಮ್ಮ ಮನೆಯಲ್ಲಿ ಅವಳು ಮಲಗಿದ್ದೆಷ್ಟೋ. ಒಂದೇ ವರ್ಷ ಇಬ್ಬರಿಗೂ ಮದುವೆಯಾಯಿತು. ನನ್ನನ್ನು ಊರಿನ ಮೇಲುತುದಿಗೆ ಕೊಟ್ಟರು, ಅವಳನ್ನು ಕೆರೆಯ ಪಕ್ಕದ ಕೆಳತುದಿಗೆ. ಎಲೆಅಡಿಕೆ ಹಾಕಿಕೊಂಡು ಹೊರಟರೆ ಅದು ಬಾಯಲ್ಲಿ ಕೆಂಪಾಗುವಷ್ಟರಲ್ಲಿ ಮುಟ್ಟಬಹುದಾದ ದೂರ. ಇಬ್ಬರೂ ಓಗೊಡುವವರಾದೆವು. ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ. ನನ್ನ ಮಗನ ಮದುವೆಗೆ ಅವಳು ಬರಲಿಲ್ಲ, ಅವಳ ಗಂಡ ತೀರಿಕೊಂಡಾಗ ನಾನು ಹೋಗಲಿಲ್ಲ. ಹೋಗಲಿಲ್ಲವೆಂದು ಯಾರೂ ಆಡಿಕೊಳ್ಳಲಿಲ್ಲ, ಊರಿನ ಪದ್ಧತಿಯೇ ಹಾಗೆ. ಸಂಕಟವೆಲ್ಲ ನಮ್ಮಿಬ್ಬರಿಗೇ. ಕೂಗಿ ಮಾತಾಡಿಕೊಳ್ಳೋಣವೆಂದರೆ ಅದೂ ಆಗದು. ಓಗೊಡುವವಳ ದನಿ ಬೀದಿಗೆ ಕೇಳುವುದಾದರೆ ಬೆಂಕಿಗೆ ಹೇಳುವ ಆ ಒಂದು ಮಾತಿನಲ್ಲೇ ಕೇಳಬೇಕು, ಇಲ್ಲದಿದ್ದರೆ ಬೆಂಕಿಗೆ ಗಲಿಬಿಲಿಯಾಗುತ್ತದೆ. ನಾನು ಮುಂದಕ್ಕೆ ಕಳಿಸಿದ ಬೆಂಕಿಯನ್ನೇ ಕಡೆಗೆ ಅವಳೂ ಮುಂದಕ್ಕೆ ಕಳಿಸುತ್ತಿದ್ದಳು. ನಮ್ಮಿಬ್ಬರ ಮನೆಗೂ ತಪ್ಪದೆ ಓಡಾಡುತ್ತಿದ್ದವರು ಎಂದರೆ ಈ ಬೆಂಕಿ, ಮತ್ತೆ ಸೊಪ್ಪು ಮಾರುವ ಮುನಿಯಮ್ಮ. ಮುನಿಯಮ್ಮ ಸೊಪ್ಪಿನ ಜೊತೆ ನಮ್ಮ ಮಾತನ್ನೂ ಹೊತ್ತು ತರುತ್ತಿದ್ದಳು, ದಾರಿಯಲ್ಲಿ ತನ್ನದೂ ಒಂದಿಷ್ಟು ಸೇರಿಸುತ್ತಿದ್ದಳು.

ನಮ್ಮ ಮನೆಯ ಎದುರಿನ ಖಾಲಿ ಜಾಗದಲ್ಲಿ ಗುರುಪಾದಶೆಟ್ಟರು ಕಟ್ಟಡ ಎಬ್ಬಿಸತೊಡಗಿದಾಗ ಕಲ್ಯಾಣಮಂಟಪ ಬರುತ್ತಿದೆ ಎಂದುಕೊಂಡೆವು. ನೋಡಿದರೆ ಒಳಗೆ ನಡುವೆ ಒಂದು ಓಣಿ, ಎರಡೂ ಕಡೆ ಸಾಲಾಗಿ ಕೋಣೆಗಳು, ಒಂದೊಂದಕ್ಕೂ ಅಂಗಡಿಗೆ ಹಾಕುವಂಥ ತಗಡಿನ ಷಟರು, ಮುಂಬದಿಯ ಕೋಣೆಗಳಿಗೆ ಮಾತ್ರ ಅದು ಬೀದಿಯ ಕಡೆಗೆ. ಮನೆಯಲ್ಲಿ ಹಿಡಿಸದ ಸಾಮಾನನ್ನು ತಂದಿಟ್ಟು ನಿಮ್ಮದೇ ಬೀಗ ಹಾಕಿಕೊಂಡು ಹೋಗಿ, ತಿಂಗಳಿಗಿಷ್ಟು ಬಾಡಿಗೆ ಎಂದರು ಶೆಟ್ಟರು. ಜನ ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಮಗಳ ಮದುವೆಗೆ ಕೊಡಿಸಿದ ಸೋಫಾ, ಮುತ್ತಾತನ ಕಾಲದ ಹಂಡೆ, ಯಾರೂ ಕೂರದ ಕುರ್ಚಿ, ಕೊಡಲೂ ಮನಸ್ಸಿಲ್ಲದ ಇಡಲೂ ಜಾಗವಿಲ್ಲದ ತೊಟ್ಟಿಲು. ಊರಿನವರು ಅದಕ್ಕೆ ಸಾಮಾನಿನ ಛತ್ರ ಎಂದು ಹೆಸರಿಟ್ಟರು.

ಆದರೆ ಛತ್ರದಲ್ಲಿ ಮನುಷ್ಯರೇ ಇಲ್ಲವಲ್ಲ, ಬೆಂಕಿ ಬಂದರೆ ಓಗೊಡುವವರು ಯಾರು? ಶೆಟ್ಟರು ಹಣ್ಣುಕಾಯಿ ಹಿಡಿದು ನಮ್ಮ ಜಗಲಿಗೆ ಬಂದರು. ‘ದೇವೀರಮ್ಮನೋರೇ, ಎದುರುಗಡೇನೇ ಇದೀರಿ. ನಿಮ್ಮ ಮನೆಗೆ ಹೇಳೋ ಮಾತನ್ನೇ ಇನ್ನೊಂದ್ಸಲ ಹೇಳಿದ್ರೆ ಆಯ್ತು. ನಿಮ್ಮ ದನಿ ಎಲ್ಲಾ ಕೋಣೆಗೂ ಹೋಗೋ ಹಂಗೆ ನಾನು ಏರ್ಪಾಡು ಮಾಡಿದೀನಿ’ ಎಂದರು. ಹೊಸ ಕಟ್ಟಡ, ಬೆಂಕಿಗೆ ಅಲ್ಲಿ ಇನ್ನೂ ಯಾರ ದನಿಯೂ ರೂಢಿಯಾಗಿರಲಿಲ್ಲ, ಹಾಗಾಗಿ ಅದು ಆಗುವ ಮಾತೇ. ಏರ್ಪಾಡು ಏನೆಂದರೆ, ಕೋಣೆ ಕೋಣೆಯ ನಡುವಿನ ಗೋಡೆಯನ್ನು ಅವರು ಚಾವಣಿಯವರೆಗೆ ಏರಿಸಿರಲಿಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿ, ಕಳ್ಳರು ಹತ್ತದ ಹಾಗೆ ತಂತಿಯ ಜಾಲರಿ ಹೊಡೆದಿದ್ದರು. ನಾನು ಜಗಲಿಯ ಮೇಲೆ ನಿಂತು ಆ ಮಾತನ್ನೇ ಒಂದು ಸಲ ಕೂಗಿದೆ. ಕಡೆಯ ಕೋಣೆಯಲ್ಲಿ ಬಟ್ಟೆಯ ಗಂಟು ಜೋಡಿಸುತ್ತಿದ್ದ ದರ್ಜಿ ಪಾಂಡುರಂಗ ಹೊರಗೆ ಓಡಿ ಬಂದು, ‘ಕಿವಿ ತೂತಾಯ್ತು ಅಕ್ಕ’ ಎಂದ. ಶೆಟ್ಟರು ಕೈಮುಗಿದರು. ಆ ಸಂಜೆ ನನ್ನ ಸೊಸೆ ಮಾಡಿದ ಉಪ್ಪಿಲ್ಲದ ಸಾರೂ ನನಗೆ ರುಚಿಯಾಗಿತ್ತು.

ಅಷ್ಟರಲ್ಲಿ ಮುಬೀನಾ ಬಂದಳು. ಕಟ್ಟಡಕ್ಕೆ ಪರವಾನಗಿ ಕೊಡುವ ಮುಂಚೆ ನೋಡಿಕೊಂಡು ಬಾ ಎಂದು ಅವಳನ್ನು ಬೇರೆ ಊರಿನಿಂದ ಕಳಿಸಿದ್ದರು. ಕಾಲಿಗೆ ಬೂಟು, ಕೈಯಲ್ಲಿ ಅಳತೆಯ ಟೇಪು, ವಯಸ್ಸು ನನ್ನ ಸೊಸೆಗಿಂತ ಕಡಿಮೆ. ಛತ್ರದ ಒಳಗೆ ಹೋಗಿ ತಲೆಯೆತ್ತಿ ಜಾಲರಿ ನೋಡಿದವಳು ಅಲ್ಲಿಯೇ ನಿಂತುಬಿಟ್ಟಳು.

‘ಗೋಡೆ ಯಾಕೆ ಅರ್ಧಕ್ಕೇ ನಿಲ್ಸಿದೀರಿ?’

‘ಅರ್ಧ ಅಲ್ಲ ಮೇಡಂ, ಮುಕ್ಕಾಲು’ ಎಂದರು ಶೆಟ್ಟರು. ‘ದೇವೀರಮ್ಮನೋರ ದನಿ ಎಲ್ಲಾ ಕಡೆ ಹೋಗ್ಬೇಕಲ್ಲ.’

‘ದನಿ ಹೋಗೋ ದಾರೀಲೇ ಹೊಗೆ ಹೋಗುತ್ತೆ ಶೆಟ್ರೇ. ಅದರ ಹಿಂದೆ ಬೆಂಕಿ ಹೋಗುತ್ತೆ. ಗೋಡೆ ಚಾವಣಿಗೆ ಸೇರ್ಬೇಕು, ಒಂದು ಬೆರಳು ತೂರೋ ಸಂದೂ ಇರಬಾರದು.’

ಅವಳು ನೀರು ಕೇಳಿಕೊಂಡು ನಮ್ಮ ಜಗಲಿಗೆ ಬಂದಳು. ನನಗೆ ಆಗಲೇ ಮೈ ಉರಿಯುತ್ತಿತ್ತು. ಆದರೂ ನೀರಿನ ಜೊತೆ ಬೆಲ್ಲ ಕೊಟ್ಟೆ.

‘ನಿಮ್ಮೂರಲ್ಲಿ ಬೆಂಕಿ ಕದ ತಟ್ಟಲ್ವೇನಮ್ಮ?’ ಎಂದೆ.

‘ಇಲ್ಲಮ್ಮ. ಕೇಳದೇ ನುಗ್ಗುತ್ತೆ. ಹೇಳಿದ್ರೂ ಹೋಗಲ್ಲ.’

‘ಅಯ್ಯೋ ಪಾಪವೇ. ಹೆಂಗೆ ಬದುಕ್ತೀರಿ?’

‘ಗೋಡೆ ಕಟ್ತೀವಿ, ನೀರು ಇಟ್ಕೋತೀವಿ, ಓಡೋಕೆ ದಾರಿ ಬಿಟ್ಕೋತೀವಿ. ಆಮೇಲೆ ಬೀಗ ಹಾಕ್ಕೊಂಡು ನಮ್ಮ ಪಾಡಿಗೆ ತಿರುಗ್ತೀವಿ.’

‘ಈಗ ನಿಮ್ಮ ಮನೇಲಿ ಯಾರಿದಾರೆ? ನಿಮ್ಮಮ್ಮನಾ?’

‘ಅಮ್ಮ ಅವರ ಅಕ್ಕನ ಮನೆಗೆ ಹೋಗಿದಾರೆ. ಹತ್ತು ದಿನ ಆಯ್ತು. ಬರೋ ಮಾತೇ ಇಲ್ಲ’ ಎಂದು ಅವಳು ನಕ್ಕಳು.

ನನಗೆ ನಗು ಬರಲಿಲ್ಲ. ನಮ್ಮಲ್ಲಿ ಬೀಗ ಪೆಟ್ಟಿಗೆಗೆ ಹಾಕುವ ವಸ್ತು. ಮನೆಗೆ ಬೀಗ ಹಾಕುವುದನ್ನು ನಾನು ಕಣ್ಣಲ್ಲಿ ಕಂಡಿಲ್ಲ. ‘ಗೋಡೆ ಏರಿಸಿದ್ರೆ ನನ್ನ ದನಿ ಎಲ್ಲಿ ಹೋಗ್ಬೇಕು?’ ಎಂದು ಕೇಳಿದೆ. ಅವಳು ಲೋಟ ಕೆಳಗಿಟ್ಟು, ಮೆತ್ತಗೆ, ‘ಹೋಗೋದೇ ಬೇಡ ಅಮ್ಮ’ ಎಂದಳು. ಕೆನ್ನೆಗೆ ಹೊಡೆದ ಹಾಗಾಯಿತು. ನನ್ನ ಬಾಳೆಲ್ಲ ಈ ಗಂಟಲಿನಲ್ಲಿತ್ತು. ನಿನ್ನೆ ಮೊನ್ನೆ ಬಂದ ಹುಡುಗಿ ಅದು ಬೇಡ ಎನ್ನುತ್ತಾಳೆ. ನಾನು ಶೆಟ್ಟರನ್ನು ಕರೆದು, ಗೋಡೆ ಒಂದು ಇಟ್ಟಿಗೆ ಮೇಲೆದ್ದರೂ ನಿಮ್ಮ ಛತ್ರದ ಸಹವಾಸ ನನಗೆ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಅವರೂ ನನ್ನ ಕಡೆಗೇ ನಿಂತರು. ಮುಬೀನಾಳ ಪರವಾನಗಿ ಅಲ್ಲಿಗೇ ನಿಂತಿತು.

ಎರಡು ದಿನ ಬಿಟ್ಟು ಮುನಿಯಮ್ಮ ಬಂದಳು. ದಂಟಿನ ಸೊಪ್ಪು ಮೊರಕ್ಕೆ ಹಾಕುತ್ತಾ, ಈ ಸಲ ತನ್ನದೇನೂ ಸೇರಿಸದೆ ಹೇಳಿದಳು: ‘ಸಾಕಮ್ಮಂಗೆ ಎರಡೂ ಕಣ್ಣಿಗೆ ಪೊರೆ ಬಂದೈತಂತೆ. ಆಪರೇಷನ್ ಮಾಡಿದ್ರೆ ಸರಿಹೋಗುತ್ತಂತೆ, ಆದ್ರೆ ಅದಕ್ಕೆ ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಹೋಗ್ಬೇಕು, ಅಲ್ಲೇ ಇರ್ಬೇಕು. ಅವಳು ಹೆಂಗೆ ಹೋಗ್ತಾಳೆ? ನಿಂಗೆ ಹೇಳು ಅಂದ್ಳು. ಪೂರ್ತಿ ಮಂಜಾಗೋಕೆ ಮುಂಚೆ ಒಂದ್ಸಲ ನಿನ್ನ ಮುಖ ನೋಡ್ಬೇಕಿತ್ತು ಅಂತ.’

ಮುನಿಯಮ್ಮ ಹೋದ ಮೇಲೂ ನಾನು ಮೊರದ ಮುಂದೆ ಕೂತೇ ಇದ್ದೆ. ಸೊಪ್ಪು ಬಾಡಿತು. ಅಕ್ಕನ ಮನೆಗೆ ಹೋಗಿ ಹತ್ತು ದಿನವಾದರೂ ಬಾರದ ಆ ಹೆಂಗಸು, ಮುಬೀನಾಳ ಅಮ್ಮ, ನನ್ನ ತಲೆಯಿಂದ ಇಳಿಯಲೊಲ್ಲಳು. ಅವಳ ಮನೆಯ ಬಾಗಿಲು, ಅದರ ಮೇಲಿನ ಬೀಗ. ಮರುದಿನ ಛತ್ರದ ಕಡೆ ಹೋಗುತ್ತಿದ್ದ ಮುಬೀನಾಳನ್ನು ಚಪ್ಪಾಳೆ ತಟ್ಟಿ ಕರೆದೆ.

‘ನಿನ್ನ ಗೋಡೆ, ನೀರು, ಅದೆಲ್ಲ ಬರೀ ಸಾಮಾನಿನ ಕೋಣೆಗೋ, ಮನೆಗೂ ಆಗುತ್ತೋ?’

ಅವಳು ನನ್ನ ಮುಖವನ್ನೇ ನೋಡಿದಳು. ‘ಮನೆ ಸುಲಭ ಅಮ್ಮ. ಇದೇ ಕಷ್ಟ. ಯಾರ ಕೋಣೇಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಒತ್ತೊತ್ತಾಗಿ ತುಂಬಿರ್ತಾರೆ. ನೋಡ್ಕೊಳ್ಳೋಕೆ ಒಳಗೆ ಒಬ್ಬರೂ ಇರಲ್ಲ. ಇಲ್ಲಿ ಗೆದ್ರೆ ಎಲ್ಲಾ ಕಡೆ ಗೆದ್ದ ಹಾಗೆ.’

‘ಹಾಗಾದ್ರೆ ಗೋಡೆ ಏರಿಸು’ ಎಂದೆ.

ಊರಿನ ಹಿರಿಯರು ಒಪ್ಪಬೇಕಲ್ಲ. ಓಗೊಡುವವಳು ಮಾತಾಡಬೇಕಾದ ಸಭೆ ನಮ್ಮಲ್ಲಿ ಅವಳ ಜಗಲಿಯ ಮುಂದೆಯೇ ನಡೆಯುವುದು ವಾಡಿಕೆ. ಬೀದಿಯ ತುಂಬ ಚಾಪೆ ಹಾಸಿ ಕೂತರು. ಓಗೊಡದ ಕಟ್ಟಡ ಊರಿಗೇ ಅಪಾಯ ಎಂದರು, ನಮ್ಮ ಸಾಮಾನು ಸುಟ್ಟರೆ ಗತಿ ಏನು ಎಂದರು. ಎಲ್ಲ ಮುಗಿಯಲಿ ಎಂದು ಕಾದು ನಾನು ಎದ್ದು ನಿಂತೆ. ‘ಮುಬೀನಾ ಹೇಳಿದ ಹಾಗೆ ಛತ್ರ ಸರಿಮಾಡಲಿ. ಮುಂದಿನ ಸಲ ಬೆಂಕಿ ಬಂದಾಗ ನನ್ನ ಮನೆಗೆ ನಾನು ಓಗೊಡ್ತೀನಿ. ಛತ್ರದ ಬಾಗಿಲು ತಟ್ಟಿದಾಗ ಬಾಯಿ ಬಿಡಲ್ಲ. ಬೆಂಕಿ ಹೋದ ಕೋಣೇಲೇ ನಿಂತ್ರೆ, ಮನೆಗಳನ್ನೂ ಹಾಗೇ ಕಟ್ಕೊಂಡು ನಾವು ಓಗೊಡೋರು ಹೊರಗೆ ಬರ್ತೀವಿ. ಪಕ್ಕದ ಕೋಣೆಗೆ ಹೋದ್ರೆ ಈ ಮಾತು ಇನ್ನೆಂದೂ ಎತ್ತಲ್ಲ.’

‘ನೀವು ಬಾಯಿ ಮುಚ್ಕೊಂಡಿರ್ತೀರಾ?’ ಎಂದು ಯಾರೋ ಹಿಂದಿನಿಂದ ಕೇಳಿದರು. ಸಭೆಯೆಲ್ಲ ನಕ್ಕಿತು. ನಗುತ್ತಲೇ ಒಪ್ಪಿದರು. ನಾನು ಸೋಲುವುದು ಖಂಡಿತ ಎಂದು ಅವರಿಗೆ ಅನ್ನಿಸಿದ್ದರಿಂದಲೇ ಒಪ್ಪಿದರು ಎಂದು ನನಗೆ ಈಗಲೂ ಅನುಮಾನ.

ಕೆಲಸ ಶುರುವಾಯಿತು. ಜಾಲರಿ ಕಿತ್ತು ಗೋಡೆಯನ್ನು ಚಾವಣಿಗೆ ಸೇರಿಸಿದರು, ಪೈಪು ತೂರಿದ ಕಡೆಯೆಲ್ಲ ಸುತ್ತ ಗಾರೆ ಮೆತ್ತಿದರು. ಮೇಲೆ ನೀರಿನ ಟ್ಯಾಂಕು ಕೂತಿತು. ಒಂದೊಂದು ಕೋಣೆಯ ನೆತ್ತಿಗೂ ಒಂದು ಪುಟ್ಟ ನಲ್ಲಿ. ಕಾವು ಏರಿದರೆ ಅದು ತಾನೇ ಬಿಚ್ಚಿಕೊಳ್ಳುತ್ತದಂತೆ. ಆ ನಲ್ಲಿಯಿಂದ ಮೊಳದುದ್ದ ಕೆಳಗೆ ಗೋಡೆಯ ಸುತ್ತ ಕೆಂಪು ಗೆರೆ ಎಳೆದು, ಸಾಮಾನು ಈ ಗೆರೆ ದಾಟುವಂತಿಲ್ಲ ಎಂದಳು ಮುಬೀನಾ. ಜನಕ್ಕೆ ಆ ಗೆರೆಯ ಮೇಲೆ ಎಲ್ಲಿಲ್ಲದ ಸಿಟ್ಟು. ಬಾಡಿಗೆ ಕೊಡುವುದು ಇಡೀ ಕೋಣೆಗೆ, ಇಡುವುದು ಮುಕ್ಕಾಲು ಕೋಣೆಗಾ ಎಂದು ಜಗಳಕ್ಕೆ ಬಂದರು. ಓಣಿಯಲ್ಲಿ ಒಂದು ಬಕೆಟ್ಟೂ ಇಡುವಂತಿಲ್ಲ. ಗ್ಯಾಸ್ ಸಿಲಿಂಡರು, ಸೀಮೆಎಣ್ಣೆ, ಪಟಾಕಿ, ಬಣ್ಣದ ಡಬ್ಬ ಒಳಗೆ ಬರುವಂತಿಲ್ಲ. ಮನುಷ್ಯರು ಬೀಡುಬಿಡುವಂತಿಲ್ಲ. ಮನೆಯ ಗಲಾಟೆ ತಪ್ಪಿಸಿಕೊಳ್ಳಲು ತನ್ನ ಕೋಣೆಯಲ್ಲಿ ಹೊಲಿಗೆ ಯಂತ್ರ ಹೂಡಿಕೊಂಡಿದ್ದ ಪಾಂಡುರಂಗನನ್ನು ಎಬ್ಬಿಸಿ ಕಳಿಸಿದಳು. ಓಣಿಯ ಎರಡೂ ತುದಿಗೆ ಹೊರಕ್ಕೆ ತೆರೆಯುವ ಬಾಗಿಲಿಡಿಸಿದಳು. ಒಳಗಿನಿಂದ ತಳ್ಳಿದರೆ ಸಾಕು, ತೆರೆಯಬೇಕು; ಬಿಟ್ಟರೆ ತಾನೇ ಮುಚ್ಚಿಕೊಳ್ಳಬೇಕು. ಅದರ ಮೇಲೆ ಕರೆಂಟು ಹೋದರೂ ಆರದ ಹಸಿರು ದೀಪ. ಶೆಟ್ಟರು ತಲೆ ಮೇಲೆ ಕೈಹೊತ್ತುಕೊಂಡೇ ಎಲ್ಲ ಮಾಡಿಸಿದರು.

ಬೆಂಕಿ ಒಂದು ಮಧ್ಯಾಹ್ನ ಬಂತು. ಊಟವಾಗಿ ತಟ್ಟೆ ಎತ್ತುತ್ತಿದ್ದೆ. ಒಣಮೆಣಸಿನಕಾಯಿ ಹುರಿದ ಹಾಗೆ ಗಾಳಿ ಗಂಟಲು ಹಿಡಿಯಿತು. ಬೀದಿಯ ತುದಿಯಲ್ಲಿ ಕಾವು ಅಲುಗಾಡುತ್ತಾ ಬರುವುದು ಕಾಣಿಸಿತು. ಮೊದಲ ಮನೆ, ಎರಡನೆಯ ಮನೆ, ಓಗೊಡುವ ದನಿಗಳು ಒಂದರ ಹಿಂದೆ ಒಂದು. ನಮ್ಮ ಕದ ತಟ್ಟಿತು. ‘ಮುಂದಕ್ಕೆ ಹೋಗಪ್ಪ, ಮನೇಲಿ ಜನ ಇದೀವಿ’ ಎಂದೆ. ಬೀದಿ ದಾಟಿ ಛತ್ರಕ್ಕೆ ಹೋಯಿತು. ಊರಿನ ಗಂಡಸರೆಲ್ಲ ಅಷ್ಟು ದೂರದಲ್ಲಿ ನಿಂತಿದ್ದರು. ಮುಬೀನಾ ನಮ್ಮ ಜಗಲಿಯ ಕಂಬ ಹಿಡಿದುಕೊಂಡಿದ್ದಳು.

ಛತ್ರದ ಮುಂಬದಿಯ ಮೊದಲ ಷಟರನ್ನು ಬೆಂಕಿ ತಟ್ಟಿತು. ತಗಡಿನ ಸದ್ದು ನನ್ನ ಹಲ್ಲಿಗೇ ಬಡಿಯಿತು. ಓಗೊಟ್ಟು ಓಗೊಟ್ಟು ಪಳಗಿದ ಬಾಯಿ ಇದು. ಮಾತು ತಾನಾಗಿಯೇ ಗಂಟಲಿಗೆ ಬಂದು ನಿಂತಿತು. ಎರಡನೆಯ ಸಲ ತಟ್ಟಿತು. ಶೆಟ್ಟರು ಬೀದಿಯಲ್ಲೇ ಮಂಡಿಯೂರಿ ಕೈಮುಗಿದರು. ‘ತಾಯೀ, ಹೇಳ್ಬಿಡಿ. ಒಂದು ಮಾತು ಹೇಳ್ಬಿಡಿ.’ ಅವರ ಹಿಂದೆ ಉಳಿದವರೂ ಶುರುಮಾಡಿದರು, ದೇವೀರಮ್ಮ, ಹೇಳಮ್ಮ, ಹೇಳು. ಮೊನ್ನೆ ನಕ್ಕವರೆಲ್ಲ ಈಗ ಅಂಗಲಾಚುತ್ತಿದ್ದರು. ನಾನು ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು ಸುರಿಯಿತು. ಸಾಕಿಯ ಮುಖವನ್ನು ನೆನೆಯಲು ನೋಡಿದೆ, ಮದುವೆಯ ದಿನದ ಮುಖವಷ್ಟೇ ನೆನಪಾಯಿತು. ಮೂರನೆಯ ಸಲ ತಟ್ಟಿತು. ಯಾರೂ ಓಗೊಡಲಿಲ್ಲ. ಷಟರು ಕೆಂಪಗಾಯಿತು, ಬೆಂಕಿ ಒಳಗೆ ಹೋಯಿತು.

ಒಮ್ಮೆ ಒಳಗೆ ಹೋದ ಬೆಂಕಿ ಯಾರ ಮಾತೂ ಕೇಳದು. ಹೊಗೆ ಕಂಡರೆ ತಾನೇ ಬಡಿಯಲೆಂದು ಮುಬೀನಾ ಛತ್ರಕ್ಕೆ ಹಾಕಿಸಿದ್ದ ಗಂಟೆ ಹೊಡೆದುಕೊಳ್ಳತೊಡಗಿತು. ಆಗ ಯಾರೋ ಗೋಡೆಗೆ ಒರಗಿಸಿದ್ದ ಸೈಕಲ್ಲು ನೋಡಿ, ‘ಇದು ಪಾಂಡುದಲ್ವಾ, ಪಾಂಡು ಎಲ್ಲಿ?’ ಎಂದರು. ಮುಬೀನಾ ಜಗಲಿಯಿಂದ ಹಾರಿ ಹಿಂಬಾಗಿಲ ಕಡೆ ಓಡಿದಳು. ಅವಳು ಮುಟ್ಟುವ ಮೊದಲೇ ಆ ಬಾಗಿಲು ಧಡಾರನೆ ತೆರೆದುಕೊಂಡಿತು. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಅರ್ಧ ಹೊಲಿದ ರವಿಕೆ, ಪಾಂಡುರಂಗ ಕೆಮ್ಮುತ್ತಾ ಹೊರಗೆ ಬಂದ. ಅವನ ಬೆನ್ನ ಹಿಂದೆ ಬಾಗಿಲು ತಾನೇ ಮುಚ್ಚಿಕೊಂಡಿತು.

‘ಒಳಗೆ ಕೂರಬಾರದು ಅಂತ ಎಷ್ಟು ಸಲ ಹೇಳಿದೀನಿ’ ಎಂದು ಮುಬೀನಾ ಅವನ ತೋಳು ಹಿಡಿದು ಅಲುಗಿಸಿದಳು.

‘ನಾಳೆ ಮದುವೆಗೆ ಕೊಡ್ಬೇಕಿತ್ತು ಮೇಡಂ’ ಎಂದ ಅವನು. ‘ಕರೆಂಟು ಹೋಯ್ತು. ಹಸಿರು ದೀಪ ಒಂದೇ ಕಾಣ್ತಿತ್ತು. ಓಣೀಲಿ ಕಾಲಿಗೆ ಏನೂ ಸಿಗಲಿಲ್ಲ, ಅದನ್ನೇ ನೋಡ್ಕೊಂಡು ಬಂದು ತಳ್ಳಿದೆ.’

ಅವನ ಮಾತು ಮುಗಿಯುವಷ್ಟರಲ್ಲಿ ಮುಂಬದಿಯ ಕೋಣೆಯಲ್ಲಿ ಢಂ ಎಂದಿತು. ಇನ್ನೊಂದು ಸಲ ಢಂ. ನಮ್ಮ ಜಗಲಿಯ ಕಲ್ಲು ಅದುರಿತು. ಎಲ್ಲರೂ ಶೆಟ್ಟರ ಕಡೆ ತಿರುಗಿದರು, ಯಾಕೆಂದರೆ ಆ ಮೊದಲ ಕೋಣೆ ಶೆಟ್ಟರದೇ. ಅವರು ನೆಲ ನೋಡುತ್ತಾ, ‘ಛತ್ರಕ್ಕೆ ಹೊಡೆದು ಮಿಕ್ಕ ಬಣ್ಣ. ಒಂದೆರಡು ಕ್ಯಾನು ಟರ್ಪೆಂಟೈನು. ನನ್ನದೇ ಕಟ್ಟಡ ಅಲ್ವಾ ಅಂತ’ ಎಂದರು. ಮುಬೀನಾ ಅವರನ್ನು ನೋಡಿದ ನೋಟಕ್ಕೆ ಬೆಂಕಿಯೇ ಹೆದರಬೇಕಿತ್ತು.

ಆಮೇಲೆ ಒಳಗಿನಿಂದ ಮಳೆಯ ಸದ್ದು ಬಂತು. ತಗಡಿನ ಮೇಲೆ ಬೀಳುವ ಮಳೆಯಲ್ಲ, ನೆಲಕ್ಕೆ ನೇರ ಸುರಿಯುವ ಮಳೆ. ಷಟರಿನ ಅಡಿಯಿಂದ ಕಪ್ಪು ನೀರು ಹರಿದು ಬೀದಿಗಿಳಿಯಿತು. ಹಬೆ ಎದ್ದಿತು. ಬೀದಿ ಕಡೆಯ ಗೋಡೆಯ ಮೇಲಿನ ಕಿಂಡಿಯಿಂದ ಹೊಗೆ ಮೊದಲು ದಟ್ಟವಾಗಿ, ಆಮೇಲೆ ತೆಳ್ಳಗೆ ಹೋಯಿತು. ನಾವು ಕಾದೆವು. ಪಕ್ಕದ ಷಟರಿನ ಮೇಲೆಯೇ ಎಲ್ಲರ ಕಣ್ಣು. ಅದು ಕೆಂಪಗಾಗಲಿಲ್ಲ. ಬೆಂಕಿ ಹೊರಗೂ ಬರಲಿಲ್ಲ, ಪಕ್ಕಕ್ಕೂ ಹೋಗಲಿಲ್ಲ. ಹೋದ ಕೋಣೆಯಲ್ಲೇ ಆರಿತು.

ಸಾಕಷ್ಟು ಹೊತ್ತು ಬಿಟ್ಟು ಮುಬೀನಾ ಪಕ್ಕದ ಕೋಣೆಯ ಬೀಗ ತೆಗೆಸಿದಳು. ಅಲ್ಲಿ ಹತ್ತಿಯ ಹಾಸಿಗೆಗಳನ್ನು ಸುರುಳಿ ಸುತ್ತಿ ಕೆಂಪು ಗೆರೆಯವರೆಗೆ ಪೇರಿಸಿದ್ದರು. ಹಾಸಿಗೆಯ ಒಡತಿ ಒಂದೊಂದನ್ನೂ ಮೂಸಿ ನೋಡಿ, ನಡುಗೋಡೆಗೆ ಅಂಗೈ ಒತ್ತಿ, ‘ಬೆಚ್ಚಗಿದೆ ಅಷ್ಟೇ’ ಎಂದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಸೆರಗು ಉಗಿದು, ಪದ್ಧತಿ ಗಿದ್ಧತಿ ಎಲ್ಲ ಮರೆತು, ಮದುವೆಗೆ ಮುಂಚೆ ಕೂಗಿದ್ದೆನಲ್ಲ, ಅದಕ್ಕಿಂತ ಜೋರಾಗಿ ಕೂಗಿದೆ: ‘ಆರಿತು ಕಣ್ರೇ, ಅಲ್ಲೇ ಆರಿತು.’ ಪಕ್ಕದ ಮನೆಯವಳು ಅದನ್ನು ಎತ್ತಿಕೊಂಡಳು. ಅವಳ ಪಕ್ಕದವಳು ಎತ್ತಿಕೊಂಡಳು. ಜಗಲಿಯಿಂದ ಜಗಲಿಗೆ, ಬೀದಿಯಿಂದ ಬೀದಿಗೆ, ಬೆಂಕಿ ಹೋಗುತ್ತಿದ್ದ ದಾರಿಯಲ್ಲೇ ಆ ಮಾತು ಕೆರೆಯವರೆಗೆ ಓಡಿತು. ಆಮೇಲೆ ಕೆಳತುದಿಯಿಂದ ಒಂದು ದನಿ ಯಾರ ಸಹಾಯವೂ ಇಲ್ಲದೆ ಇಡೀ ಊರು ದಾಟಿ ನನ್ನ ಹತ್ತಿರ ಬಂತು. ಮಾತು ಸ್ಪಷ್ಟವಾಗಲಿಲ್ಲ. ದನಿ ಸಾಕಿಯದು. ನಾನು ಜಗಲಿಯ ಮೇಲೆ ಕೂತು ಮಕ್ಕಳ ಹಾಗೆ ಅತ್ತೆ. ಆ ಖುಷಿಯನ್ನು ಬೇರೆ ಹೇಗೆ ಹೇಳಲಿ ನನಗೆ ತಿಳಿಯದು.

ಹಿರಿಯರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಮುಬೀನಾ ಮನೆಗಳಿಗೆಂದು ಒಂದು ಉಪಾಯ ಮಾಡಿದಳು. ಬೀದಿ ಬಾಗಿಲ ಹಿಂದೆ ಒಂದು ಬರಿಯ ಕೋಣೆ. ಚಾವಣಿಗೆ ಸೇರಿದ ಗೋಡೆ, ನೆತ್ತಿಯ ಮೇಲೆ ನಲ್ಲಿ, ಒಳಮನೆಗೆ ತಾನೇ ಮುಚ್ಚಿಕೊಳ್ಳುವ ಕಬ್ಬಿಣದ ಕದ. ಅದರಲ್ಲಿ ಒಂದು ಚಾಪೆಯನ್ನೂ ಇಡುವಂತಿಲ್ಲ. ಬೆಂಕಿ ಬಂದರೆ ತಿನ್ನಲು ಏನೂ ಸಿಗದೆ, ತಲೆಗೆ ನೀರು ಹುಯ್ಯಿಸಿಕೊಂಡು ಅಲ್ಲೇ ತಣ್ಣಗಾಗುತ್ತದೆ. ಊರಿನ ಗಾರೆಯವರಿಗೆ ಆ ವರ್ಷ ಬಿಡುವೇ ಇರಲಿಲ್ಲ. ಮೊದಲು ಕೆರೆಯ ಕಡೆಯಿಂದ ಶುರುಮಾಡಿ ಎಂದು ನಾನು ಹಟ ಹಿಡಿದೆ. ಸಾಕಿಯ ಮನೆ ಮೊದಲು, ನಮ್ಮದು ಆಮೇಲೆ.

ನಮ್ಮ ಮನೆಯ ಗಾರೆ ಒಣಗಿದ ದಿನ ನಾನು ಒಳ್ಳೆಯ ಸೀರೆ ಉಟ್ಟೆ. ಸೊಸೆ ಚಪ್ಪಲಿ ತಂದಿಟ್ಟಳು. ನನಗೆ ಚಪ್ಪಲಿ ಹಾಕಿಕೊಂಡು ರೂಢಿಯಿಲ್ಲ, ಬರಿಗಾಲಲ್ಲೇ ಜಗಲಿ ಇಳಿದೆ. ನೆಲ ಕಾದಿತ್ತು. ಬೀದಿಯಲ್ಲಿ ನನ್ನಂಥವರು ಇನ್ನೂ ಎಷ್ಟೋ ಜನ ತಬ್ಬಿಬ್ಬಾಗಿ ನಿಂತಿದ್ದರು. ವರ್ಷಗಟ್ಟಲೆ ಒಬ್ಬರ ದನಿ ಒಬ್ಬರು ಕೇಳಿದ್ದೆವು, ಮುಖ ಗೊತ್ತಿರಲಿಲ್ಲ. ‘ಎಡಗಡೆ ಮೂರನೇ ಮನೆಯವಳು ನೀನೇನಾ? ದನಿ ಕೇಳಿದ್ರೆ ದಪ್ಪಗಿರ್ತೀಯಾ ಅಂದ್ಕೊಂಡಿದ್ದೆ’ ಎಂದು ಒಬ್ಬಳು ಇನ್ನೊಬ್ಬಳ ತೋಳು ಹಿಡಿದು ನೋಡುತ್ತಿದ್ದಳು. ಯಾರು ಯಾರೋ ನನ್ನ ಕೈ ಹಿಡಿದರು. ಬಿಡಿಸಿಕೊಂಡು ನಡೆದೆ. ಎರಡು ಕಡೆ ದಾರಿ ತಪ್ಪಿದೆ, ಕೇಳಿ ತಿಳಿದುಕೊಂಡೆ.

ಸಾಕಮ್ಮ ತನ್ನ ಜಗಲಿಯ ಮೇಲೆ ಕೂತಿದ್ದಳು. ತಲೆ ಪೂರ್ತಿ ನರೆತಿತ್ತು. ನಾನು ಮುಂದೆ ನಿಂತರೂ ಅವಳಿಗೆ ಗುರುತು ಹತ್ತಲಿಲ್ಲ. ‘ನಾನು ಕಣೇ’ ಎಂದೆ. ಅವಳು ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

‘ಮುದುಕಿ ಆಗ್ಬಿಟ್ಟಿದೀಯಲ್ಲೇ’ ಎಂದಳು.

‘ನೀನೇನು ಹುಡುಗೀನಾ? ಏಳು, ಸೀರೆ ಬದಲಾಯಿಸು. ಬಸ್ಸಿಗೆ ಹೊತ್ತಾಯ್ತು. ಕಣ್ಣು ಮಾಡಿಸ್ಕೊಂಡು ಬರೋವರೆಗೂ ನಾನೂ ಜೊತೇಲಿರ್ತೀನಿ. ಆಮೇಲೆ ನೋಡುವಂತೆ ನನ್ನ ಮುದಿತನ.’

ಅವಳು ಗಂಟು ಕಟ್ಟಿಕೊಂಡು ಬಂದಳು. ಮಗ ಸೊಸೆ ಆಗಲೇ ಕೆಲಸಕ್ಕೆ ಹೋಗಿದ್ದರು. ಬಾಗಿಲು ಎಳೆದುಕೊಂಡವಳು ಚಿಲಕ ಬಿಡಲಾರದೆ ನಿಂತಳು. ಅಷ್ಟರಲ್ಲಿ ಬೀದಿಯ ಮೇಲ್ಗಡೆಯಿಂದ ಆ ಕಾವು, ಆ ಘಾಟು. ಗಾರೆ ಕೆಲಸ ಇನ್ನೂ ಮುಗಿಯದ ಬೀದಿಗಳವರು ಮುಂದಕ್ಕೆ ಕಳಿಸಿದ ಬೆಂಕಿ ಬರುತ್ತಿತ್ತು. ಸಾಕಿಯ ಮಸುಕಾದ ಕಣ್ಣಿಗೂ ಆ ಬೆಳಕು ಕಂಡಿರಬೇಕು. ಅವಳ ಕಾಲು ಹೊಸ್ತಿಲ ಕಡೆಗೆ ತಿರುಗಿತು, ಬಾಯಿ ತೆರೆಯಿತು. ನಾನು ತಡೆಯಲಿಲ್ಲ, ಕೈ ಮಾತ್ರ ಹಿಡಿದುಕೊಂಡಿದ್ದೆ. ಅವಳು ಚಿಲಕ ಬಿಟ್ಟಳು. ಜಗಲಿಯಿಂದ ಕೆಳಗಿಳಿದಳು. ಬೀದಿಯ ನಡುವೆ ನಿಂತು, ಬರುತ್ತಿರುವ ಬೆಂಕಿಯ ಮುಖಕ್ಕೇ, ಕೆರೆಯ ಆಚೆಯ ದಡಕ್ಕೆ ಕೇಳುವ ಹಾಗೆ ಕೂಗಿ ಹೇಳಿದಳು:

‘ಬಾರಪ್ಪ, ಬಾ. ಮನೇಲಿ ಯಾರೂ ಇಲ್ಲ.’